ಕಷ್ಟಕಾಲದಲ್ಲಿ ದೇವರು ಮೌನವಾಗಿದ್ದಾನೆ ಅನ್ನಿಸಿದಾಗ ಕ್ರೈಸ್ತ ವಿಶ್ವಾಸವನ್ನು ಉಳಿಸಿಕೊಳ್ಳುವುದು ಹೇಗೆ?

ವಿಶ್ವಾಸವೆಂದರೆ ನೋವನ್ನು ನುಂಗಿಕೊಂಡು ನಗುವುದು ಎಂಬ ತಿಳಿವಳಿಕೆಯೇ ಅನೇಕರನ್ನು ದಣಿಸುತ್ತದೆ. ಬೈಬಲ್ ಹಾಗೆ ಕೇಳುವುದಿಲ್ಲ. ಅದರಲ್ಲಿರುವ 150 ಕೀರ್ತನೆಗಳಲ್ಲಿ, ಅಂದರೆ ಪ್ರಾರ್ಥನಾಗೀತೆಗಳಲ್ಲಿ, ಹಲವು ದೇವರೆದುರಿನ ನೇರ ದೂರುಗಳಾಗಿದ್ದು, 88ನೆಯದಂತೂ ಯಾವ ಸಮಾಧಾನವೂ ಇಲ್ಲದೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ. ಶಿಲುಬೆಯ ಮೇಲೆ ಯೇಸು ಸಹ 22ನೆಯ ಕೀರ್ತನೆಯ ಮೊದಲ ಮಾತಿನಿಂದ, ಏಕೆ ಕೈಬಿಟ್ಟೆ ಎಂದು ಕೂಗಿದನು. ಬೈಬಲಿನಲ್ಲಿ ತಪ್ಪಿಲ್ಲದೆಯೂ ನರಳಿದ ಯೋಬನ ಕಥೆಯ ಕೊನೆಯಲ್ಲಿ ದೇವರ ಕೋಪಕ್ಕೆ ಗುರಿಯಾದವರು ಅವನ ನೋವಿಗೆ ಪಾಪವೇ ಕಾರಣವೆಂದು ವಾದಿಸಿದ ಗೆಳೆಯರು (ಅಂಥವರು ಇಂದಿಗೂ ಕಡಿಮೆಯಿಲ್ಲ). ಯೇಸುವಿನ ಅಪೊಸ್ತಲನಾದ ಪೌಲನು, ತಾನು ‘ಶರೀರದ ಮುಳ್ಳು’ ಎಂದು ಕರೆದ ಬಾಧೆ ತೊಲಗಲೆಂದು ಮೂರು ಸಲ ಬೇಡಿಕೊಂಡರೂ ಅವನಿಗೆ ದೊರೆತದ್ದು ಬಿಡುಗಡೆಯಲ್ಲ, ಕೃಪೆಯ ಭರವಸೆ. ಆದ್ದರಿಂದ ಪ್ರಾರ್ಥನೆಗೆ ಮಾತೇ ಬಾರದ ದಿನ ಒಂದು ಕೀರ್ತನೆಯನ್ನು ಎರವಲು ಪಡೆದು ಓದಿ. ಅದೂ ಆಗದಿದ್ದರೆ ನಿಮ್ಮ ಚರ್ಚಿನ ಸಭೆಯವರು ನಿಮ್ಮ ಪರವಾಗಿ ಪ್ರಾರ್ಥಿಸಲಿ.