ಅವಳ ಕಟಿಂಗ್‌ಗಳಲ್ಲಿ ಗಡಿ ಎಲ್ಲಿದೆ ಅಂದಿರಲ್ಲ

ಬೆಳಗಾವಿಯಲ್ಲಿ ಪತ್ರಿಕೋದ್ಯಮ ಓದುತ್ತಿರುವ ಹುಡುಗಿಯೊಬ್ಬಳು ನಿಮ್ಮಲ್ಲಿ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿ, ಈವರೆಗೆ ಅಚ್ಚಾದ ಬರಹಗಳ ಕಟಿಂಗ್ ಕಳಿಸಿದ್ದಾಳೆ. ಅದನ್ನು ನನಗೂ ಓದಲು ಕೊಟ್ಟು ಕೇಳಿದಿರಿ: "ಕಬ್ಬಿದೆ, ಹೊಳೆಯಿದೆ, ಜಾತ್ರೆಯಿದೆ, ಬಸ್ಸಿದೆ, ಬಾವಿಯಿದೆ. ಗಡಿ ಜಿಲ್ಲೆಯವಳು ಗಡಿ ವಿವಾದದ ಮೇಲೆ ಒಂದಕ್ಷರ ಬರೆದಿಲ್ಲವಲ್ಲ? ಎಲ್ಲದಕ್ಕೂ ಕೈ ಹಾಕಿದ್ದಾಳೆ, ಯಾವುದರಲ್ಲೂ ಪಳಗಿದಂತಿಲ್ಲ."

ನಾನು ಚಿಕ್ಕೋಡಿ ಕಡೆಯವನು. ಬಹಳ ವರ್ಷ ತಾಲ್ಲೂಕು ಸುದ್ದಿ ಮಾಡಿದವನು. ನಿಮ್ಮ ಬೆಂಗಳೂರಿನ ಕಣ್ಣಿಗೆ ಹಾಗೆ ಕಾಣುವುದು ಸಹಜ. ನಿಮ್ಮಲ್ಲಿ ಪಾಲಿಕೆಗೊಬ್ಬರು, ಕ್ರೈಮ್‌ಗೊಬ್ಬರು, ಶಿಕ್ಷಣಕ್ಕೊಬ್ಬರು. ನಮ್ಮಲ್ಲಿ ತಾಲ್ಲೂಕಿಗೆ ಒಬ್ಬ. ಅವನೂ ಬಹುತೇಕ ಅರೆಕಾಲಿಕ, ಮನೆಯಲ್ಲಿ ಹೊಲವೋ ಅಂಗಡಿಯೋ ಇಟ್ಟುಕೊಂಡೇ ಸುದ್ದಿ ಕಳಿಸುವವನು. ಅವನ ಬೆನ್ನಿಗೆ ಬಿದ್ದು ಕಲಿಯುವ ವಿದ್ಯಾರ್ಥಿಗೆ ಬೆಳಗ್ಗೆ ಗ್ರಾಮ ಪಂಚಾಯಿತಿ ಸಭೆ, ಮಧ್ಯಾಹ್ನ ಅಪಘಾತ, ಸಂಜೆ ನಾಟಕ. ಆರಿಸಿಕೊಳ್ಳುವ ಅವಕಾಶ ಸಿಗುವುದಿಲ್ಲ. ಹಾಗಾಗಿ ವಿಷಯ ಎಷ್ಟು ಬಗೆಯವು ಅನ್ನುವುದನ್ನು ಬಿಟ್ಟು, ಯಾವ ವಿಷಯದಲ್ಲಿ ಪ್ರೆಸ್ ನೋಟ್ ದಾಟಿ ಹೋಗಿದ್ದಾಳೆ ಅಂತ ನೋಡಿ.

ಕಬ್ಬಿನದನ್ನೇ ತೆಗೆದುಕೊಳ್ಳಿ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ರಸ್ತೆಯಲ್ಲೇ ಕೂತದ್ದು ನಿಮಗೂ ನೆನಪಿರಬೇಕು. ಟನ್ನಿಗೆ 3,500 ರೂಪಾಯಿ ಕೇಳಿದರು, ಕೊನೆಗೆ 3,300ಕ್ಕೆ ಇತ್ಯರ್ಥವಾಯಿತು. ಆಗ ರಾಜಧಾನಿಯಿಂದ ಬಂದ ಒಬ್ಬ ವರದಿಗಾರ ನನ್ನನ್ನು ಬದಿಗೆ ಕರೆದು ಕೇಳಿದ: "ಸರ್, ಕೇಂದ್ರ ಕಬ್ಬಿಗೆ ಗೊತ್ತು ಮಾಡಿದ ಕನಿಷ್ಠ ದರ, ಎಫ್‌ಆರ್‌ಪಿಯೇ 3,550 ಇದೆ. ಅದಕ್ಕಿಂತ ಕಡಿಮೆ ಕೇಳಿ ಯಾಕೆ ಧರಣಿ ಮಾಡುತ್ತಿದ್ದಾರೆ?" ಕೇಳಬೇಕಾದ ಪ್ರಶ್ನೆಯೇ, ಆದರೆ ಅವನು ಉತ್ತರಕ್ಕೆ ಕಾಯಲಿಲ್ಲ, ಕ್ಯಾಮೆರಾ ಕರೆಯಿತು. ಈ ಹುಡುಗಿ ಅದೇ ಪ್ರಶ್ನೆ ಹಿಡಿದು ಬರೆದಿದ್ದಾಳೆ. ಎಫ್‌ಆರ್‌ಪಿ ಎಂಬುದು ಕಾರ್ಖಾನೆಯ ಗೇಟಿನಲ್ಲಿನ ದರ, ಅದೂ ಶೇ 10.25ರ ಸಕ್ಕರೆ ಇಳುವರಿಗೆ. ಅದರೊಳಗಿಂದ ಕಟಾವು ಮತ್ತು ಸಾಗಣೆ ಖರ್ಚನ್ನು ಕಾರ್ಖಾನೆ ಮುರಿದುಕೊಳ್ಳುತ್ತದೆ. ರೈತ ಕೇಳಿದ 3,500 ಆ ಖರ್ಚೆಲ್ಲ ಬಿಟ್ಟು ಕೈಗೆ ಸಿಗಬೇಕಾದ ದುಡ್ಡು. ಎರಡನ್ನೂ ಒಂದೇ ಸಾಲಿನಲ್ಲಿಟ್ಟು ಹೋಲಿಸಿದರೆ ರೈತ ಮೂರ್ಖನಂತೆ ಕಾಣುತ್ತಾನೆ. ಇಳುವರಿ ಹೆಚ್ಚಿದಂತೆ ದರವೂ ಏರುತ್ತದೆ, ಆದರೆ ಇಳುವರಿ ಅಳೆಯುವ ಲ್ಯಾಬು ಇರುವುದು ಕಾರ್ಖಾನೆಯ ಒಳಗೆ. ಇಷ್ಟನ್ನು ಹೇಳಿ, ಒಬ್ಬ ರೈತನ ಬಿಲ್ಲನ್ನು ಸಾಲು ಸಾಲಾಗಿ ಬಿಡಿಸಿ ಇಟ್ಟಿದ್ದಾಳೆ.

ತೂಕದ ಕಾಟಾದ ಮೇಲೆ ಬರೆದದ್ದು ಇನ್ನೂ ಚಿಕ್ಕದು, ಇನ್ನೂ ಗಟ್ಟಿ. ಟ್ರ್ಯಾಕ್ಟರಿನವನೊಬ್ಬ ಕಾರ್ಖಾನೆಗೆ ಹೋಗುವ ಮುಂಚೆ ಖಾಸಗಿ ಕಾಟಾದಲ್ಲಿ ಕಬ್ಬು ತೂಗಿಸಿ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡಿದ್ದ. ಎರಡೂ ಚೀಟಿಯನ್ನು ಬಾನೆಟ್ ಮೇಲೆ ಹರವಿ, "ನೋಡ್ರಿ ಅಕ್ಕಾರ, ಎರಡೂ ಅದೇ ಕಬ್ಬು, ಅದೇ ಡಬ್ಬಿ. ಬರೀರಿ, ಆದ್ರ ನನ್ನ ಹೆಸ್ರು ಹಾಕಬ್ಯಾಡ್ರಿ, ನಾಳೆ ಮತ್ತ ಅಲ್ಲೇ ಪಾಳಿ ಹಚ್ಚಬೇಕು" ಅಂದನಂತೆ. ಹೆಸರು ಹಾಕಿಲ್ಲ. ಕಾರ್ಖಾನೆಯವರನ್ನೂ ಕೇಳಿದ್ದಾಳೆ, ಅವರ ಉತ್ತರ ಪೂರ್ತಿ ಅಚ್ಚಾಗಿದೆ. ಬರೆದವರ ಹೆಸರು, ಅಂದರೆ ಬೈಲೈನ್, ಸಿಗದ ಬಾಕ್ಸ್ ಐಟಂ ಅದು. ನನಗೆ ಎಲ್ಲಕ್ಕಿಂತ ಹಿಡಿಸಿದ್ದೂ ಅದೇ.

ಇನ್ನು ಹೊಳೆ. ಮಳೆಗಾಲದಲ್ಲಿ ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ, ಅಥಣಿ ಭಾಗದ ವರದಿಗಾರನ ಬೆಳಗು ಸಂಖ್ಯೆಗಳಿಂದ ಶುರು. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಕೃಷ್ಣೆಗೆ ಇಷ್ಟು ಕ್ಯುಸೆಕ್, ದೂಧಗಂಗೆಯಿಂದ ಇಷ್ಟು, ಎರಡೂ ಕೂಡಿ ಕಲ್ಲೋಳ ಬ್ಯಾರೇಜ್ ಬಳಿ ಇಷ್ಟು. ಕಲ್ಲೋಳ–ಯಡೂರ ಸೇತುವೆ ಜಲಾವೃತ, ಕಾರದಗಾ–ಭೋಜ ಸೇತುವೆ ಜಲಾವೃತ. ನಾನೂ ಈ ವಾಕ್ಯವನ್ನು ನಿದ್ದೆಗಣ್ಣಿನಲ್ಲಿ ಬರೆಯಬಲ್ಲೆ. ಎಲ್ಲ ಪತ್ರಿಕೆಯಲ್ಲೂ ಅದೇ ಇರುತ್ತದೆ, ಸಂಖ್ಯೆ ಮಾತ್ರ ಬದಲು. ಅದೂ ಓದುಗನ ಕೈಗೆ ಬರುವಷ್ಟರಲ್ಲಿ ನಿನ್ನೆಯ ಸಂಖ್ಯೆ. ಹೊಳೆದಂಡೆಯವನಿಗೆ ಬೇಕಾದದ್ದು ನಾಳೆಯದು: ಎಮ್ಮೆ ಯಾವಾಗ ಹೊಡೆದುಕೊಂಡು ಹೋಗಬೇಕು, ಮೋಟಾರು ಯಾವಾಗ ಮೇಲೆತ್ತಬೇಕು.

ನಾಳೆ ಇರುವುದು ಗಡಿಯಾಚೆ. ಕೊಯ್ನಾ, ನವಜಾ, ಮಹಾಬಳೇಶ್ವರದಲ್ಲಿ ಎಷ್ಟು ಮಿಲಿಮೀಟರ್ ಬಿತ್ತು? ಸಾಂಗಲಿಯ ಇರ್ವಿನ್ ಸೇತುವೆಯಲ್ಲಿ ನೀರು ಎಷ್ಟು ಅಡಿಗೆ ಬಂತು? ಅಲ್ಲಿ 40 ಅಡಿ ಎಚ್ಚರಿಕೆಯ ಮಟ್ಟ, 45 ಅಪಾಯದ ಮಟ್ಟ. ಕೊಲ್ಹಾಪುರದಲ್ಲಿ ಪಂಚಗಂಗೆಯನ್ನು ರಾಜಾರಾಮ ಬಂಧಾರದಲ್ಲಿ ಅಳೆಯುತ್ತಾರೆ, ಅಲ್ಲಿ 39 ಮತ್ತು 43. ಪಂಚಗಂಗೆ ಬಂದು ಕೃಷ್ಣೆಯನ್ನು ಕೂಡುವುದು ನರಸೋಬಾವಾಡಿಯಲ್ಲಿ. ದತ್ತನ ಗುಡಿಗೆ ನೀರು ಹೊಕ್ಕಿತು ಅಂದರೆ ನಮ್ಮ ಕಡೆಯ ಅಜ್ಜಂದಿರು ಕ್ಯುಸೆಕ್ ಕೇಳುವುದೇ ಇಲ್ಲ, ದನದ ಹಗ್ಗ ಬಿಚ್ಚುತ್ತಾರೆ. ಈ ಹುಡುಗಿಗೆ ಮರಾಠಿ ಸಲೀಸು. ಆಚೆಯ ನೀರಾವರಿ ಕಚೇರಿಗೆ ಫೋನ್ ಹಚ್ಚಿ ಅಡಿಯ ಲೆಕ್ಕ ತೆಗೆದುಕೊಂಡು, ಈಚೆಗೆ ಯಾವ ಸೇತುವೆ ಮೊದಲು ಮುಳುಗುತ್ತದೆ, ಆಮೇಲೆ ಯಾವುದು ಅಂತ ಹಳ್ಳಿಯವರನ್ನು ಕೇಳಿ ಕ್ರಮವಾಗಿ ಬರೆದಿದ್ದಾಳೆ. 2005 ಮತ್ತು 2019ರ ಪ್ರವಾಹದಲ್ಲಿ ಮನೆ ಗೋಡೆಯ ಮೇಲೆ ಉಳಿದ ಕಲೆ ತೋರಿಸಿ ಲೆಕ್ಕ ಹೇಳಿದ್ದಾರೆ ಜನ. ಅಧಿಕಾರಿಯ ಒಂದೇ ಒಂದು ಹೇಳಿಕೆ, ಅದೂ ಕೊನೆಗೆ.

ಇದೇ ಸರಣಿಯ ಇನ್ನೊಂದು ಭಾಗ ಕೆಳಗಿನ ನೀರಿನದು. ಹಿಪ್ಪರಗಿ, ಆಮೇಲೆ ಆಲಮಟ್ಟಿ. ಆಲಮಟ್ಟಿ ಈಗ ತುಂಬುವುದು 519.60 ಮೀಟರ್‌ಗೆ. ಅದನ್ನು 524.256ಕ್ಕೆ ಏರಿಸುವ ಮಾತು ಬಂದಾಗಲೆಲ್ಲ ಸಾಂಗಲಿ, ಕೊಲ್ಹಾಪುರದವರು ನಮ್ಮೂರು ಮುಳುಗುತ್ತದೆ ಎನ್ನುತ್ತಾರೆ. ಬಾಗಲಕೋಟೆಯವನಿಗೆ ಅದೇ ಮಾತು ಮತ್ತಷ್ಟು ಹೊಲ ಮುಳುಗಡೆ, ಮತ್ತೆ ಪುನರ್ವಸತಿ. ವಿಜಯಪುರದ ಒಣಭೂಮಿಯವನಿಗೆ ಮಾತ್ರ ಅದು ನೀರು. ಮೂವರನ್ನೂ ಮಾತಾಡಿಸಿದ್ದಾಳೆ. ಇದು ಗಡಿ ವಿಷಯ ಅಲ್ಲವೇ, ನೀವೇ ಹೇಳಿ. ತಲೆಬರಹದಲ್ಲಿ "ಗಡಿ" ಅಂತಿಲ್ಲ, ನಿಮಗೆ ತಪ್ಪಿಹೋಗಿದೆ.

ಬಸ್ಸಿನದೂ ಹಾಗೆಯೇ. 2025ರ ಫೆಬ್ರುವರಿಯಲ್ಲಿ ಬೆಳಗಾವಿ ತಾಲ್ಲೂಕಿನಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್ ಮೇಲೆ ಹಲ್ಲೆಯಾಯಿತು. ಭಾಷೆಯ ಜಗಳ ಹೊತ್ತಿಕೊಂಡು ಎರಡೂ ರಾಜ್ಯದ ನಡುವಿನ ಬಸ್ ನಿಂತವು. ಆಗ ಒಂದು ವಾಹಿನಿಯವರು ನನಗೆ ಫೋನ್ ಮಾಡಿ, ಬಸ್ಸಿಗೆ ಮಸಿ ಬಳಿಯುವ ದೃಶ್ಯ ಇದ್ದರೆ ಕಳಿಸಿ, ಇಲ್ಲದಿದ್ದರೆ ಬೇಡ ಅಂದರು. ಹುಡುಗಿ ಹೋದದ್ದು ನಿಪ್ಪಾಣಿ ಹತ್ತಿರದ ಕೊಗನೊಳ್ಳಿ ಚೆಕ್‌ಪೋಸ್ಟಿಗೆ. ಕಾಗಲ್ ಕಡೆ ಕಾರ್ಖಾನೆಗೆ ಹೋಗುವವರು, ಕೊಲ್ಹಾಪುರದ ಆಸ್ಪತ್ರೆಗೆ ಹೊರಟವರು, ಮಗಳ ಸೀಮಂತಕ್ಕೆ ಬುತ್ತಿಗಂಟು ಹೊತ್ತ ತಾಯಿ. ಆ ತಾಯಿ ಅರ್ಧ ಮಾತು ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ ಬೈದದ್ದನ್ನು ಹುಡುಗಿ ತಿದ್ದದೆ ಹಾಗೇ ಇಟ್ಟಿದ್ದಾಳೆ. ಡೆಸ್ಕಿನವರು ಬಿಟ್ಟದ್ದು ಆಶ್ಚರ್ಯ.

ನಿಮ್ಮ ತಲೆಯಲ್ಲಿರುವ ಗಡಿ ವಿವಾದವೂ ಇದೆ, ಇಲ್ಲ ಅಂತ ನಾನು ಹೇಳುವುದಿಲ್ಲ. ನವೆಂಬರ್ 1ಕ್ಕೆ ಚನ್ನಮ್ಮ ವೃತ್ತದಲ್ಲಿ ಕಾಲಿಡಲು ಜಾಗವಿಲ್ಲದ ರಾಜ್ಯೋತ್ಸವ, ಅದೇ ದಿನ ಮಹಾರಾಷ್ಟ್ರ ಏಕೀಕರಣ ಸಮಿತಿಯ (ಎಂಇಎಸ್) ಕರಾಳ ದಿನ, ನಡುವೆ ಪೊಲೀಸರು. ಗಡಿ ತೀರ್ಮಾನಕ್ಕೆಂದು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲೇ ವರದಿ ಕೊಟ್ಟಿದೆ. 2004ರಿಂದ ಮಹಾರಾಷ್ಟ್ರದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ಇದನ್ನು ಬರೆಯಲು ಬೆಳಗಾವಿಗೆ ಬರಬೇಕಾಗಿಯೂ ಇಲ್ಲ. ಪ್ರತಿ ವರ್ಷ ಎರಡೂ ಕಡೆಯ ಹೇಳಿಕೆ ಹೆಚ್ಚುಕಡಿಮೆ ಅವೇ, ಹೇಳುವವರು ಮಾತ್ರ ಬೇರೆ. ಅದಕ್ಕಿಂತ, 2022ರ ಕೊನೆಗೆ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಹಳ್ಳಿಯವರು ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಅಂದರಲ್ಲ, ಅಲ್ಲಿನ ಕನ್ನಡ ಶಾಲೆಗಳ ಬಗ್ಗೆ ಅವಳು ಬರೆದದ್ದನ್ನು ತೆಗೆದು ಓದಿ. ಅಥಣಿಯಿಂದ ಜತ್ತ ದಾರಿ ಹಿಡಿದು ಹೋಗಿದ್ದಾಳೆ. ಕನ್ನಡದಲ್ಲಿ ಓದಿದ ಮಗು ಮುಂದೆ ಕಾಲೇಜಿಗೆ ಎಲ್ಲಿ, ನೌಕರಿಗೆ ಎಲ್ಲಿ ಅನ್ನುವುದಷ್ಟೇ ಪ್ರಶ್ನೆ.

ಕುಂದು ಇಲ್ಲದಿಲ್ಲ. ಸವದತ್ತಿ ಯಲ್ಲಮ್ಮನ ಭಾರತ ಹುಣ್ಣಿಮೆ ಜಾತ್ರೆಯ ಬರಹ ಬರೀ ವಿಶೇಷಣ. ಭಂಡಾರ, ಉಧೋ ಉಧೋ, ಭಕ್ತಸಾಗರ. ಲಕ್ಷಾಂತರ ಜನ ಸೇರುವ ಗುಡ್ಡದ ಮೇಲೆ ನೀರು, ಶೌಚಾಲಯ, ಚಕ್ಕಡಿ ನಿಲ್ಲುವ ಜಾಗ ಏನಾಯಿತು ಅಂತ ಕೇಳಿಲ್ಲ. ಕಿತ್ತೂರು ಉತ್ಸವದ್ದು ಆಮಂತ್ರಣ ಪತ್ರಿಕೆಯ ನಕಲಿನಂತಿದೆ. ಸಾಧಕರ ಪರಿಚಯ ಲೇಖನಗಳನ್ನು ನಾನು ಪೂರ್ತಿ ಓದಲಿಲ್ಲ, ನೀವೂ ಓದಬೇಡಿ. ಹೊಸಬರಿಗೆ ಅವನ್ನು ವಹಿಸುವುದೇ ಡೆಸ್ಕಿಗೆ ತಲೆನೋವು ಕಡಿಮೆ ಅಂತ.

ಆದರೆ ಬಾವಿಯದನ್ನು ಓದಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ನಡೆದದ್ದು ನಿಮಗೆ ಗೊತ್ತು. ಬಂದವರಿಗೆ ಕುಡಿಯುವ ನೀರಿಗಾಗಿ ಟಿಳಕವಾಡಿಯಲ್ಲಿ ತೋಡಿದ ಬಾವಿಗೆ ಇವತ್ತಿಗೂ ಕಾಂಗ್ರೆಸ್ ಬಾವಿ ಅನ್ನುತ್ತಾರೆ. 2024ರಲ್ಲಿ ಶತಮಾನೋತ್ಸವದ ದೊಡ್ಡ ಏರ್ಪಾಡಾಗಿತ್ತು. ಡಿಸೆಂಬರ್ 26ರ ರಾತ್ರಿ ಮನಮೋಹನ್ ಸಿಂಗ್ ತೀರಿಕೊಂಡರು, ಮರುದಿನದ ಸಮಾವೇಶ ನಿಂತಿತು. ವೇದಿಕೆ, ಭಾಷಣ ಅಂತ ಪುಟ ಕಾಯ್ದಿಟ್ಟವರೆಲ್ಲ ಕೈ ಕೈ ಹಿಸುಕಿಕೊಂಡರು. ಇವಳ ಬಾವಿಗೆ ಯಾವ ವೇದಿಕೆಯ ಹಂಗೂ ಇರಲಿಲ್ಲ, ಅಚ್ಚಾಯಿತು.

ಚಳಿಗಾಲದ ಅಧಿವೇಶನದಲ್ಲಿ ಅವಳು ಸುವರ್ಣ ವಿಧಾನಸೌಧದ ಒಳಗಿನಿಂದ ಏನೂ ಬರೆದಿಲ್ಲ ಅಂತಲೂ ಗುರುತು ಹಾಕಿದ್ದೀರಿ. ಒಳಗಿನ ಸುದ್ದಿಗೆ ನೀವೇ ಬೆಂಗಳೂರಿನಿಂದ ಬಸ್ ತುಂಬ ಬರುತ್ತೀರಿ. ಅವಳು ಇದ್ದದ್ದು ಬಸ್ತವಾಡ, ಕೊಂಡಸಕೊಪ್ಪದ ಧರಣಿ ಟೆಂಟುಗಳಲ್ಲಿ. ಅತಿಥಿ ಉಪನ್ಯಾಸಕರು, ಆಶಾ ಕಾರ್ಯಕರ್ತೆಯರು, ಮೀಸಲಾತಿ ಕೇಳುವವರು. ಬೀದರ್‌ನಿಂದ ಚಾಮರಾಜನಗರದವರೆಗೆ ರಾಜ್ಯದ ಬೇಡಿಕೆಯೆಲ್ಲ ಹತ್ತಾರು ದಿನ ಒಂದೇ ಮೈದಾನದಲ್ಲಿ ಸಿಗುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ತರಗತಿ ಧಾರವಾಡದಲ್ಲೂ ಇಲ್ಲ. ಮಂತ್ರಿ ಬಂದು ಮನವಿಪತ್ರ ಇಸಿದುಕೊಂಡು ಹೋದ ಮೇಲೆ ಆ ಪತ್ರ ಏನಾಯಿತು ಅಂತ ಬೆನ್ನು ಹತ್ತಿ ಬರೆದ ಒಂದು ಫಾಲೋಅಪ್ ಇದೆ. ಅದನ್ನು ಮೇಲೆ ಇಟ್ಟುಕೊಳ್ಳಿ.

ಅವಳನ್ನು ತೆಗೆದುಕೊಳ್ಳುವುದಾದರೆ ನನ್ನ ಒಂದೇ ಸಲಹೆ: ನವೆಂಬರ್‌ನಲ್ಲಿ "ಗಡಿ ಸ್ಪೆಷಲ್" ಮಾಡಿಸಲು ಅಲ್ಲ, ಜುಲೈ ಮೊದಲ ವಾರವೇ ಕೆಲಸಕ್ಕೆ ಹಚ್ಚಿ, ಪೆಟ್ರೋಲಿನ ದುಡ್ಡು ಕೊಟ್ಟು ಹೊಳೆದಂಡೆಗೆ ಬಿಡಿ. ಸಂದರ್ಶನಕ್ಕೆ ನೀವೇ ಇಲ್ಲಿಗೆ ಬರುವುದಾದರೆ ಡಿಸೆಂಬರ್ ಬೇಡ. ಅಧಿವೇಶನದ ಹೊತ್ತಿಗೆ ಊರಲ್ಲಿ ಒಂದು ಲಾಡ್ಜಿನಲ್ಲೂ ರೂಮ್ ಸಿಗುವುದಿಲ್ಲ. ಬರಲೇಬೇಕು ಅಂದರೆ ಚಿಕ್ಕೋಡಿಯಲ್ಲಿ ನಮ್ಮ ಮನೆಯಿದೆ, ಮುಂಚೆ ಒಂದು ಫೋನ್ ಮಾಡಿ.