ಒಂದೇ ಹಕ್ಕಿಜ್ವರಕ್ಕೆ ಯಾಕೆ ಇಷ್ಟೊಂದು ಹೆಸರು?

ಪ್ರಶ್ನೆ: ಮನೆಯಲ್ಲಿ ಎರಡು ಸೀಮೆಹಸು, ಹದಿನೈದು ನಾಟಿ ಕೋಳಿ ಸಾಕಿದ್ದೇನೆ. ಕೋಳಿಗಳಿಗೆ ಕೊಕ್ಕರೆ ರೋಗದ ಲಸಿಕೆ ಹಾಕಿಸಿದ್ದೇನೆ. ಹಕ್ಕಿಜ್ವರಕ್ಕೂ ಅದೇ ಸಾಕಲ್ವಾ? ಪೇಪರ್‌ನಲ್ಲಿ ಒಮ್ಮೆ ಎಚ್5ಎನ್1 ಅಂತಾರೆ, ಇನ್ನೊಮ್ಮೆ ಎಚ್9ಎನ್2 ಅಂತಾರೆ. ಅಮೆರಿಕದಲ್ಲಿ ಹಸುಗಳಿಗೂ ಬಂತಂತೆ. ಭಯವಾಗುತ್ತದೆ.
— ಓದುಗರೊಬ್ಬರು, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಸಾಲದು ತಾಯಿ. ಲಸಿಕೆ ಹಾಕಿಸಿದ್ದು ಒಳ್ಳೆಯದೇ, ಆದರೆ ಅದು ಹಕ್ಕಿಜ್ವರವನ್ನು ತಡೆಯುವುದಿಲ್ಲ. ಎರಡೂ ಬೇರೆ ಬೇರೆ ವೈರಸ್.

ಕಣ್ಣಿಗೆ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ. ನಾನು ಪಶುವೈದ್ಯನಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಅಜ್ಜಿ ಬುಟ್ಟಿಯಲ್ಲಿ ಮೂರು ಸತ್ತ ಕೋಳಿ ತಂದರು. ಜುಟ್ಟು ನೇರಳೆ ಬಣ್ಣಕ್ಕೆ ತಿರುಗಿತ್ತು. ಕೊಯ್ದು ನೋಡಿದರೆ ಒಳಗೆ ಹೊಟ್ಟೆಯ ಗೋಡೆಯ ತುಂಬ ರಕ್ತದ ಚುಕ್ಕೆ. ಲ್ಯಾಬಿನಿಂದ ಕೊಕ್ಕರೆ ರೋಗ ಅಂತ ಉತ್ತರ ಬಂತು. ಹಕ್ಕಿಜ್ವರದಲ್ಲೂ ಅದೇ ಚುಕ್ಕೆಗಳು ಕಾಣಬಹುದು. ಅಂದು ಬರಿಗೈಯಲ್ಲಿ ಕೊಯ್ದಿದ್ದೆ. ಅದು ತಪ್ಪು, ಯಾರೂ ಹಾಗೆ ಮಾಡಬೇಡಿ.

ಕೊಕ್ಕರೆ ರೋಗದ ವೈರಸ್ಸಿನ ಜೀನುಗಳೆಲ್ಲ ಒಂದೇ ಉದ್ದನೆಯ ಎಳೆಯಲ್ಲಿವೆ. ಅದರಲ್ಲೂ ಒಳತಳಿಗಳು ಬೇಕಾದಷ್ಟಿವೆ. ಆದರೆ ಹೊರಮೈ ತೀರಾ ಬದಲಾಗಿಲ್ಲ, ಹಾಗಾಗಿ ಹಳೆಯ ಆರ್2ಬಿ ಲಸಿಕೆ ಈಗಲೂ ಕೆಲಸಕ್ಕೆ ಬರುತ್ತಿದೆ.

ಹಕ್ಕಿಜ್ವರದ ವೈರಸ್ಸಿನ ಕಥೆಯೇ ಬೇರೆ. ಅದರ ಜೀನುಗಳು ಎಂಟು ಬಿಡಿ ತುಂಡುಗಳಲ್ಲಿವೆ. ಒಂದೇ ಬಾತುಕೋಳಿಗೆ ಎರಡು ತಳಿ ಒಟ್ಟಿಗೆ ತಗುಲಿತು ಅನ್ನಿ. ಹೊಸ ವೈರಸ್ ಕಟ್ಟಿಕೊಳ್ಳುವಾಗ ಇದರ ತುಂಡು ಅದಕ್ಕೆ, ಅದರದ್ದು ಇದಕ್ಕೆ ಸೇರಿಬಿಡುತ್ತದೆ. ಎರಡು ತಳಿ ಸೇರಿದರೆ ಲೆಕ್ಕದ ಪ್ರಕಾರ 256 ಬಗೆಯ ಜೋಡಣೆ ಸಾಧ್ಯ! ಹಂದಿಯ ಮೈಯಲ್ಲೂ ಹೀಗಾಗುತ್ತದೆ. 2009ರ ಹಂದಿಜ್ವರದ ವೈರಸ್ಸಿನಲ್ಲಿ ಹಂದಿ, ಹಕ್ಕಿ, ಮನುಷ್ಯ ಮೂವರ ವೈರಸ್ಸಿನಿಂದಲೂ ಬಂದ ತುಂಡುಗಳಿದ್ದವು.

ಎಚ್ ಅಂದರೆ ಜೀವಕೋಶಕ್ಕೆ ಅಂಟಿಕೊಳ್ಳುವ ಪ್ರೋಟೀನು. ಎನ್ ಅಂದರೆ ಹೊಸ ವೈರಸ್ಸನ್ನು ಕೋಶದಿಂದ ಬಿಡಿಸುವ ಪ್ರೋಟೀನು. ಹಕ್ಕಿಗಳಲ್ಲಿ ಕನಿಷ್ಠ 16 ಬಗೆಯ ಎಚ್, 9 ಬಗೆಯ ಎನ್ ಸಿಕ್ಕಿವೆ. ಆದರೆ ಈ ಹೆಸರು ಎಂಟರಲ್ಲಿ ಎರಡು ತುಂಡಿನ ಗುರುತು ಮಾತ್ರ. ಉಳಿದ ಆರು ಯಾವುವು ಅಂತ ಅದು ಹೇಳುವುದಿಲ್ಲ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಜನಕ್ಕೆ ತಗುಲಿ 6 ಜನರನ್ನು ಕೊಂದಿದ್ದು ಎಚ್5ಎನ್1. 2012ರಲ್ಲಿ ನಮ್ಮ ಹೆಸರಘಟ್ಟದಲ್ಲಿ ಟರ್ಕಿ ಕೋಳಿಗಳಿಗೆ ಬಂದಿದ್ದೂ ಎಚ್5ಎನ್1. 2024ರಲ್ಲಿ ಟೆಕ್ಸಾಸ್, ಕ್ಯಾನ್ಸಸ್‌ನ ಹಸುಗಳಲ್ಲಿ ಕಂಡದ್ದೂ ಅದೇ ಹೆಸರಿನದು. ಆದರೆ ಹಸುಗಳಲ್ಲಿ ಕಂಡ ವೈರಸ್ಸಿನ ನಾಲ್ಕು ತುಂಡು ಯುರೋಪ್-ಏಷ್ಯಾ ಕಡೆಯಿಂದ ಬಂದ ತಳಿಯದು, ಇನ್ನು ನಾಲ್ಕು ಅಮೆರಿಕದ ಕಾಡುಹಕ್ಕಿಗಳ ವೈರಸ್ಸಿನದು. ಅದಕ್ಕೇ ವಿಜ್ಞಾನಿಗಳು ಈಗ ಬರೀ ಹೆಸರು ನೋಡಿ ಸುಮ್ಮನಾಗುವುದಿಲ್ಲ, ಎಂಟೂ ತುಂಡನ್ನು ಓದುತ್ತಾರೆ. ನಮ್ಮಲ್ಲಿ ಈ ಪರೀಕ್ಷೆ ಭೋಪಾಲದ ಕೇಂದ್ರ ಪ್ರಯೋಗಾಲಯದಲ್ಲಿ ನಡೆಯುತ್ತದೆ.

ಆ ಹಸುಗಳಿಗೆ ಸೋಂಕು ಸೇರಿದ್ದು ಕೆಚ್ಚಲಿಗೆ. ಹಾಲು ಗಿಣ್ಣದ ಹಾಲಿನಂತೆ ಹಳದಿಯಾಗಿ, ಗಟ್ಟಿಯಾಗಿ ಬರುತ್ತಿತ್ತು. ಆ ಹಸಿ ಹಾಲು ಕುಡಿದ ಕೊಟ್ಟಿಗೆಯ ಬೆಕ್ಕುಗಳು ಸತ್ತವು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಕರೆದ ಕೂಡಲೇ ಬೆಕ್ಕಿಗೊಂದು ತೊಟ್ಟು ಹಾಲು ಹಾಕುವುದು ನಮ್ಮಲ್ಲೂ ರೂಢಿ ಅಲ್ವಾ?

ಈಗ ನಿಮ್ಮ ಮನೆಯ ಮಾತಿಗೆ ಬರೋಣ. ಕೊಕ್ಕರೆ ರೋಗದ ಲಸಿಕೆ ತಪ್ಪಿಸಬೇಡಿ. ಕೆರೆಯ ಬಾತು, ಕಾಗೆಗಳು ಕೋಳಿಯ ಕಾಳಿಗೆ, ನೀರಿಗೆ ಬಾಯಿ ಹಾಕದಂತೆ ನೋಡಿಕೊಳ್ಳಿ. ಒಂದೆರಡು ದಿನದಲ್ಲಿ ನಾಲ್ಕೈದು ಕೋಳಿ ಸತ್ತರೆ ಬಚ್ಚಿಡಬೇಡಿ, ಮಾರಬೇಡಿ, ಕೊಯ್ಯಬೇಡಿ. ಪಶು ಆಸ್ಪತ್ರೆಗೆ ಫೋನ್ ಮಾಡಿ. ಹಾಲು ಚೆನ್ನಾಗಿ ಕಾಯಿಸಿದರೆ ಈ ವೈರಸ್ ಉಳಿಯುವುದಿಲ್ಲ. ಬೆಕ್ಕಿಗೂ ಕಾಯಿಸಿದ ಹಾಲನ್ನೇ ಹಾಕಿ.