ಅರ್ಧ ಪಾಯಿಂಟಿನ ಲೆಕ್ಕ

ಮೂರು ವರ್ಷಗಳಲ್ಲಿ ನನ್ನ ಬಳಿ ಬಂದ ಇಂಥ ನಾಲ್ಕನೆಯ ಪ್ರಕರಣ ಇದು. ನಾಲ್ಕೂ ಒಂದೇ ಅಚ್ಚಿನವು. ಮಗನೋ ಅಳಿಯನೋ ಅಮೆರಿಕದಲ್ಲಿರುತ್ತಾನೆ, ಸಂಬಳ ಚೆನ್ನಾಗಿರುತ್ತದೆ, ಲೆಕ್ಕದಲ್ಲಿ ಚುರುಕು. ಊರಲ್ಲಿರುವವರಿಗೆ ಗೊತ್ತಾಗುವಷ್ಟರಲ್ಲಿ ಆಟದ ಮೇಲಿನ ಬೆಟ್ಟಿಂಗಿಗೆ ಮಾಡಿದ ಸಾಲ ಕೈಮೀರಿರುತ್ತದೆ. ಮೊದಲ ಮೂರರ ಬಗ್ಗೆ ನಾನು ಬರೆಯಲಿಲ್ಲ. ಈ ನಾಲ್ಕನೆಯದರಲ್ಲಿ ನಾನು ಕೊಟ್ಟ ಒಂದು ಸಲಹೆಗೆ ಆ ಮನೆಯ ಹಿರಿಯರು ಐದು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ನನ್ನೊಡನೆ ಕೆಲಸ ಮಾಡುವ ಇಬ್ಬರು ಆಪ್ತಸಲಹೆಗಾರರೂ ‘ಸ್ವಲ್ಪ ಕಟುವಾಯಿತು’ ಎಂದರು. ಇವತ್ತು ಕೇಳಿದರೂ ನಾನು ಅದನ್ನೇ ಹೇಳುವವಳು. ಯಾಕೆ ಎಂಬುದನ್ನು ಒಂದು ಸಲ ಬಿಡಿಸಿ ಬರೆದುಬಿಡೋಣ ಎನಿಸಿತು. ಹೆಸರು, ಊರು, ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಮೊದಲು ಫೋನ್ ಮಾಡಿದವರು ತಂದೆ. ತಿಪಟೂರು ಕಡೆಯವರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಮಗ ಸುಧೀರ (ಹಾಗೆ ಕರೆಯೋಣ) ಹನ್ನೊಂದು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದಾನೆ. ಹೆಂಡತಿ, ಆರು ವರ್ಷದ ಮಗಳು. ಕ್ರೆಡಿಟ್ ಕಾರ್ಡುಗಳು, ನಿವೃತ್ತಿಗೆಂದು ಕೂಡಿಟ್ಟ ಹಣದ ಮೇಲೆ ತೆಗೆದದ್ದು, ಇಬ್ಬರು ಗೆಳೆಯರು ಕೊಟ್ಟದ್ದು ಎಲ್ಲ ಸೇರಿ ಅರವತ್ತೆಂಟು ಸಾವಿರ ಡಾಲರ್ ಸಾಲ. ಬ್ಯಾಂಕಿನ ಒಂದು ಪತ್ರ ಸೊಸೆಯ ಕೈಗೆ ಸಿಕ್ಕಿ ವಿಷಯ ಹೊರಬಿದ್ದಿತ್ತು.

“ಅಲ್ಲಿ ಪೊಲೀಸ್ನೋರು ಹಿಡಿಯೋದಿಲ್ವಾ ಮೇಡಂ?” ಎಂಬುದೇ ಮೇಷ್ಟ್ರ ಮೊದಲ ಪ್ರಶ್ನೆ. ಅವರಿಗೆ ಗೊತ್ತಿದ್ದ ಜೂಜೆಂದರೆ ಓಸಿ ಚೀಟಿ, ದೀಪಾವಳಿಯ ಇಸ್ಪೀಟು. ಹಿಡಿಯೋದಿಲ್ಲ ಮೇಷ್ಟ್ರೇ, ಅಲ್ಲಿ ಅದು ಕಾನೂನಿಗೆ ವಿರುದ್ಧವಲ್ಲ ಎಂದೆ. 1992ರ ಒಂದು ಕಾನೂನು ನೆವಾಡಾ ಬಿಟ್ಟು ಬಹುತೇಕ ರಾಜ್ಯಗಳಲ್ಲಿ ಆಟದ ಮೇಲಿನ ಬೆಟ್ಟಿಂಗನ್ನು ತಡೆದಿತ್ತು. ಅದರ ವಿರುದ್ಧ ಕೋರ್ಟಿಗೆ ಹೋಗಿದ್ದೇ ನ್ಯೂಜೆರ್ಸಿ. 2018ರ ಮೇ 14ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆ ಕಾನೂನನ್ನು ಹೊಡೆದುಹಾಕಿತು. ಮರು ತಿಂಗಳೇ ನ್ಯೂಜೆರ್ಸಿಯಲ್ಲಿ ಬೆಟ್ಟಿಂಗ್ ಶುರುವಾಯಿತು. ಈಗ ಅದಕ್ಕೆ ಮನೆಯಿಂದ ಹೊರಗೆ ಕಾಲಿಡಬೇಕಾಗಿಲ್ಲ, ಫೋನು ಸಾಕು.

ಸುಧೀರನಿಗೆ ಮೊದಲೇ ಹೇಳಿದ್ದೆ, ನಾನು ಮೈಸೂರಿನಲ್ಲಿ ಕೂತು ನಿಮಗೆ ಚಿಕಿತ್ಸೆ ಕೊಡುವ ಹಾಗಿಲ್ಲ, ಅದಕ್ಕೆ ಅಲ್ಲಿಯ ಪರವಾನಗಿ ಇರುವವರೇ ಬೇಕು ಎಂದು. 1-800-ಗ್ಯಾಂಬ್ಲರ್ ಎಂಬ ಸಹಾಯವಾಣಿಗೆ ಫೋನ್ ಮಾಡಿಸಿ, ಅವರ ಮೂಲಕ ಅಲ್ಲೊಬ್ಬರನ್ನು ಗೊತ್ತುಮಾಡಿದ ಮೇಲೆಯೇ ಮಾತು ಮುಂದುವರಿಸಿದೆ. ಕನ್ನಡದಲ್ಲಿ, ಮನೆಯವರನ್ನೂ ಕೂಡಿಸಿಕೊಂಡು ಮಾತಾಡುವುದಷ್ಟೇ ನನ್ನ ಪಾಲಿನ ಕೆಲಸ.

ಮೊದಲೆರಡು ಭೇಟಿಗಳಲ್ಲಿ ಏನೂ ಹೊರಬರಲಿಲ್ಲ. ತಲೆ ತಗ್ಗಿಸಿ “ತಪ್ಪಾಯ್ತು ಮೇಡಂ, ಇನ್ನು ಆಡಲ್ಲ” ಎಂಬ ಪಾಠ. ಈ ಮಾತನ್ನು ನಾನು ನಂಬುವುದಿಲ್ಲ. ಹೇಳುವವರು ಸುಳ್ಳು ಹೇಳುತ್ತಾರೆಂದಲ್ಲ. ಹೇಳುವ ಹೊತ್ತಿಗೆ ಅದು ನಿಜವೇ ಇರುತ್ತದೆ.

ಮೂರನೆಯ ಸಲ ನಾನೇ ದಾರಿ ಬದಲಿಸಿದೆ. “ಸುಧೀರ್, ಆ ಸ್ಪ್ರೆಡ್ ಅನ್ನೋದು ನನಗೆ ಓದಿದರೂ ತಲೆಗೆ ಹತ್ತಿಲ್ಲ. ಹೇಳಿಕೊಡ್ತೀರಾ?”

ಅವನು ತಲೆ ಎತ್ತಿದ. “ಕೇರಂ ಆಡಿದ್ದೀರಾ ಮೇಡಂ? ಚಿಕ್ಕೋರ ಜೊತೆ ಆಡುವಾಗ ‘ನಿಂಗೆ ಹತ್ತು ಪಾಯಿಂಟ್ ಬಿಟ್ಟೆ, ಈಗ ಬಾ’ ಅಂತೀವಲ್ಲ, ಅಷ್ಟೇ ಅದು.”

ಆಮೇಲೆ ಇಪ್ಪತ್ತು ನಿಮಿಷ ಮಾತು ನಿಲ್ಲಲಿಲ್ಲ. ಅಮೆರಿಕನ್ ಫುಟ್‌ಬಾಲ್ ಮ್ಯಾಚು. ಒಂದು ತಂಡ ಬಲವಾದದ್ದು, ಇನ್ನೊಂದು ಸಾಧಾರಣ. ಗೆಲ್ಲುವವರು ಯಾರೆಂದು ಎಲ್ಲರಿಗೂ ಗೊತ್ತು, ಹಾಗಿದ್ದಮೇಲೆ ಪಣ ಕಟ್ಟುವವರು ಯಾರು? ಅದಕ್ಕೆ ಬಲವಾದ ತಂಡ ಏಳು ಪಾಯಿಂಟ್ ಬಿಟ್ಟುಕೊಡಬೇಕು. ಅದರ ಹೆಸರಿನ ಮುಂದೆ ಮೈನಸ್ ಏಳು, ಎದುರಿನ ತಂಡಕ್ಕೆ ಪ್ಲಸ್ ಏಳು. ಬಲವಾದವರ ಮೇಲೆ ಹಾಕಿದ ದುಡ್ಡು ಬರಬೇಕಾದರೆ ಅವರು ಗೆದ್ದರೆ ಸಾಲದು, ಏಳಕ್ಕಿಂತ ಹೆಚ್ಚು ಅಂತರದಲ್ಲಿ ಗೆಲ್ಲಬೇಕು. 27–20 ಆದರೆ ಸರಿಯಾಗಿ ಏಳು, ಹಾಕಿದ ದುಡ್ಡು ವಾಪಸ್. ಅದಕ್ಕೆ ‘ಪುಷ್’ ಅಂತಾರೆ. ವಾಪಸ್ ಕೊಡುವ ತಾಪತ್ರಯ ಬೇಡವೆಂದೇ ಏಳರ ಬದಲು ಏಳೂವರೆ ಇಡುವುದುಂಟು. ಆಟದಲ್ಲಿ ಅರ್ಧ ಪಾಯಿಂಟು ಎಂಬುದೇ ಇಲ್ಲವಲ್ಲ, ಯಾರಾದರೊಬ್ಬರು ಸೋಲಲೇಬೇಕು. “ಆ ಅರ್ಧಕ್ಕೆ ಹುಕ್ ಅಂತಾರೆ ಮೇಡಂ. ಗಾಳ.” ಫೀಲ್ಡ್ ಗೋಲಿಗೆ ಮೂರು, ಟಚ್‌ಡೌನಿಗೆ ಆರು, ಅದರ ಮೇಲಿನ ಒದೆತಕ್ಕೆ ಒಂದು. ಹಾಗಾಗಿ ಮ್ಯಾಚುಗಳು ಮೂರರ, ಏಳರ ಅಂತರದಲ್ಲಿ ಮುಗಿಯುವುದು ಹೆಚ್ಚು. ಆ ಎರಡು ಅಂಕಿಗಳ ಅಕ್ಕಪಕ್ಕದ ಅರ್ಧಕ್ಕೆ ಬೆಲೆಯೂ ಹೆಚ್ಚು.

“ಬೆಟ್ಟಿಂಗ್ ಅಂಗಡಿಯವನಿಗೇನು ಲಾಭ?” ಎಂದೆ.

“ನೂರು ಗೆಲ್ಲೋಕೆ ನೂರಹತ್ತು ಹಾಕಬೇಕು. ಆ ಕಡೆ ಒಬ್ಬ, ಈ ಕಡೆ ಒಬ್ಬ ಹಾಕಿದ್ರೆ ಇನ್ನೂರಿಪ್ಪತ್ತು ಬಂತು. ಗೆದ್ದವನಿಗೆ ಇನ್ನೂರಹತ್ತು ಕೊಟ್ಟ. ಹತ್ತು ಡಾಲರ್ ಅವನಲ್ಲೇ ಉಳೀತು. ಯಾರು ಗೆದ್ದರೂ.”

1979ರ ಸೂಪರ್ ಬೌಲಿನ, ಅಂದರೆ ಅಲ್ಲಿಯ ಫುಟ್‌ಬಾಲಿನ ಫೈನಲಿನ, ಕಥೆ ಹೇಳಿದ. ಪಿಟ್ಸ್‌ಬರ್ಗ್ ಮೂರೂವರೆ ಬಿಟ್ಟುಕೊಡಬೇಕಿದ್ದದ್ದು ಮ್ಯಾಚಿನ ಹೊತ್ತಿಗೆ ನಾಲ್ಕೂವರೆಗೆ ಏರಿತ್ತಂತೆ. ಪಿಟ್ಸ್‌ಬರ್ಗ್ ಡಲ್ಲಾಸನ್ನು 35–31ರಲ್ಲಿ, ಸರಿಯಾಗಿ ನಾಲ್ಕು ಪಾಯಿಂಟಿನಲ್ಲಿ ಸೋಲಿಸಿತು. ಮೊದಲೇ ಪಿಟ್ಸ್‌ಬರ್ಗ್ ಹಿಡಿದವರೂ ಗೆದ್ದರು, ತಡವಾಗಿ ಡಲ್ಲಾಸ್ ಹಿಡಿದವರೂ ಗೆದ್ದರು, ಬುಕ್ಕಿಗಳು ಎರಡೂ ಕೈಯಿಂದ ಕೊಡಬೇಕಾಯಿತು. ಹರಿಕಥೆಯವರು ದೇವರ ಮಹಿಮೆ ಹೇಳುವ ಧಾಟಿಯಲ್ಲಿ ಹೇಳಿದ. ಅಂಗಡಿಯವನನ್ನೂ ಮಣಿಸಬಹುದು ಎಂಬುದಕ್ಕೆ ಅವನ ಪಾಲಿಗೆ ಅದೇ ಸಾಕ್ಷಿ.

ಇನ್ನೊಂದು, 2018ರ ಜನವರಿ 14ರದ್ದು. ಮಿನೆಸೋಟ ವೈಕಿಂಗ್ಸ್, ನ್ಯೂ ಆರ್ಲಿಯನ್ಸ್ ಸೇಂಟ್ಸ್. ವೈಕಿಂಗ್ಸ್ ಹೆಚ್ಚಿನ ಕಡೆ ಐದೂವರೆ ಬಿಟ್ಟುಕೊಡಬೇಕಿತ್ತು. ಕೊನೆಯ ಚೆಂಡಿನಲ್ಲಿ 61 ಗಜದ ಟಚ್‌ಡೌನ್, ಗಡಿಯಾರ ಸೊನ್ನೆ, 29–24. ಕ್ರೀಡಾಂಗಣವೇ ಎದ್ದು ಕುಣಿಯುತ್ತಿದೆ. ಆದರೆ ಟಚ್‌ಡೌನ್ ಆದಮೇಲಿನ ಹೆಚ್ಚುವರಿ ಪಾಯಿಂಟಿಗೆ ಆಡಲೇಬೇಕೆಂದು ಆಗಿನ ನಿಯಮ. ಆಟಗಾರರನ್ನು ಕರೆದು ನಿಲ್ಲಿಸಿದರು. ಒಂದು ಒದೆತ ಒದ್ದಿದ್ದರೆ ಆರು ಪಾಯಿಂಟಿನ ಅಂತರ. ಅವರು ಒದೆಯಲಿಲ್ಲ, ಚೆಂಡು ಹಿಡಿದು ಮಂಡಿಯೂರಿದರು. ಐದರಲ್ಲೇ ನಿಂತಿತು. ಗೆದ್ದ ತಂಡವನ್ನು ನಂಬಿ ದುಡ್ಡು ಹಾಕಿದವರು ಸೋತರು. (ಅದೇ ವರ್ಷ ಆ ನಿಯಮ ತೆಗೆದರು.)

ಅವನು ನಗುತ್ತಿದ್ದ. ಮೂರು ಭೇಟಿಗಳಲ್ಲಿ ಮೊದಲ ಸಲ.

“ಇಷ್ಟು ಹೊತ್ತು ಮಾತಾಡಿದ್ರಿ ಸುಧೀರ್, ನಿಮ್ಮ ಟೀಮ್ ಯಾವುದು ಅಂತ ಹೇಳಲೇ ಇಲ್ಲ” ಎಂದೆ. ನಿಜ ಹೇಳಬೇಕೆಂದರೆ ಅದರ ಹಿಂದೆ ಯಾವ ಜಾಣತನವೂ ಇರಲಿಲ್ಲ, ಸುಮ್ಮನೆ ಕೇಳಿದ್ದು.

ನಗು ನಿಂತಿತು. ನೀರು ಕುಡಿದ. “ಮೊದಲು ಜೈಂಟ್ಸ್ ಇತ್ತು. ಆಫೀಸಿನವರ ಜೊತೆ ಕೂತು ನೋಡ್ತಿದ್ದೆ. ಈಗ ಯಾವ ಟೀಮೂ ಇಲ್ಲ ಮೇಡಂ, ನಂಬರ್ ಅಷ್ಟೇ.” ಸ್ವಲ್ಪ ಹೊತ್ತು ಬಿಟ್ಟು, “ಮಗಳು ಪಕ್ಕದಲ್ಲಿ ಕೂತಿರ್ತಾಳೆ. ಮ್ಯಾಚ್ ಮುಗಿದ್ಮೇಲೆ ‘ಯಾರು ಗೆದ್ರು ಅಪ್ಪ’ ಅಂತಾಳೆ. ಎಷ್ಟರಲ್ಲಿ ಅಂತ ತಕ್ಷಣ ಹೇಳ್ತೀನಿ. ಯಾರು ಅನ್ನೋದಕ್ಕೆ ಯೋಚನೆ ಮಾಡಬೇಕು.”

ಅವತ್ತು ಅಲ್ಲಿಗೇ ನಿಲ್ಲಿಸಿದೆ. ಒಂದು ಕೆಲಸ ಮಾತ್ರ ಕೊಟ್ಟೆ. ಅಷ್ಟೂ ದಿನ ಅವನ ಬಾಯಲ್ಲಿ ಇದ್ದದ್ದು ಒಂದೇ ಮಾತು, ‘ಅರ್ಧ ಪಾಯಿಂಟಲ್ಲಿ ಹೋಯ್ತು’. ಆಪಿನಲ್ಲಿ ಎಲ್ಲ ದಾಖಲೆ ಇರುತ್ತದೆ. ಹೋದ ಒಂದು ವರ್ಷ ಸ್ಪ್ರೆಡ್ ಮೇಲೆ ಕಟ್ಟಿದ್ದನ್ನೆಲ್ಲ ಬರೆದು, ಸೋತದ್ದರ ಎದುರಿಗೆ ಎಷ್ಟು ಪಾಯಿಂಟಿನಲ್ಲಿ ತಪ್ಪಿತು ಎಂದು ಗುರುತು ಮಾಡಿ ಎಂದೆ.

ಮುಂದಿನ ವಾರ ಪಟ್ಟಿ ತಂದ. ಗೆದ್ದದ್ದು 212, ಸೋತದ್ದು 203. ಸೋತದ್ದರಲ್ಲಿ ಒಂದು ಪಾಯಿಂಟಿನೊಳಗೆ ತಪ್ಪಿದ್ದು ಹದಿನಾಲ್ಕು. “ತಪ್ಪು ಎಣಿಸಿದೆ ಅನ್ಕೊಂಡು ಇನ್ನೊಂದ್ಸಲ ಎಣಿಸಿದೆ ಮೇಡಂ. ಹದಿನಾಲ್ಕೇ.” ಉಳಿದ 189 ಅವನ ನೆನಪಿನಲ್ಲೇ ಇರಲಿಲ್ಲ.

ಗೆದ್ದದ್ದು ಹೆಚ್ಚಿದೆಯಲ್ಲ, ಸಾಲ ಯಾಕಾಯಿತು ಎಂದು ಓದುವವರು ಕೇಳಬಹುದು. ನೂರರಲ್ಲಿ ಐವತ್ತೊಂದು ಸರಿ. ಐವತ್ತೊಂದು ಗೆಲುವಿಗೆ 5,100 ಬಂತು, ನಲವತ್ತೊಂಬತ್ತು ಸೋಲಿಗೆ ನೂರಹತ್ತರಂತೆ 5,390 ಹೋಯಿತು. ಅರ್ಧಕ್ಕಿಂತ ಹೆಚ್ಚು ಸಲ ಸರಿಯಾಗಿ ಹೇಳಿಯೂ 290 ಕೈಬಿಟ್ಟಿತು. ಇದು ಒಂದೇ ಮೊತ್ತ ಕಟ್ಟಿದವನ ಲೆಕ್ಕ. ಸುಧೀರ ಸೋತ ರಾತ್ರಿ ದುಪ್ಪಟ್ಟು ಕಟ್ಟುತ್ತಿದ್ದ. ಅದೂ ಸಾಲದೆ ಮೂರು ಮ್ಯಾಚು ಒಟ್ಟಿಗೆ ಸೇರಿಸಿ ‘ಪಾರ್ಲೇ’ ಹಾಕುತ್ತಿದ್ದ. ಮೂರೂ ಸರಿಯಾಗುವುದು ಎಂಟು ಸಲಕ್ಕೊಮ್ಮೆ ಎಂದಿಟ್ಟುಕೊಂಡರೆ ನ್ಯಾಯವಾಗಿ ಒಂದಕ್ಕೆ ಏಳು ಕೊಡಬೇಕು, ಕೊಡುವುದು ಸುಮಾರು ಆರು.

ಈ ಲೆಕ್ಕವನ್ನು ಅವನಿಗೆ ನಾನು ಕಲಿಸಲಿಲ್ಲ. ಅವನೇ ನನಗೆ ಹೇಳಿದ್ದು. ಅಂಕಿ ಅಂಶ ತೋರಿಸಿದರೆ ಜೂಜು ಬಿಡುತ್ತಾರೆ ಎಂದು ತಿಳಿದವರು ಈ ಮಾತನ್ನು ಗಮನಿಸಬೇಕು.

ನನಗೆ ತೋರುವುದಿಷ್ಟು. ಸ್ಪ್ರೆಡ್ ಎಂಬುದು ತಕ್ಕಡಿಯ ಹಗುರ ತಟ್ಟೆಗೆ ಕಲ್ಲಿಟ್ಟು ಮುಳ್ಳನ್ನು ನಡುವೆ ನಿಲ್ಲಿಸುವ ಉಪಾಯ. ಮುಳ್ಳು ನಡುವಿದ್ದರೆ ಯಾವ ಮ್ಯಾಚೂ ಕೊನೆಯ ನಿಮಿಷದವರೆಗೆ ಮುಗಿಯುವುದಿಲ್ಲ. ಇಪ್ಪತ್ತು ಪಾಯಿಂಟ್ ಮುಂದಿರುವ ತಂಡ ಕೊನೆಯಲ್ಲಿ ಉದಾಸೀನವಾಗಿ ಬಿಟ್ಟುಕೊಟ್ಟ ಒಂದು ಟಚ್‌ಡೌನ್ ಆಟಕ್ಕೆ ಲೆಕ್ಕವಲ್ಲ, ಪಣ ಕಟ್ಟಿದವನಿಗೆ ಜೀವನ್ಮರಣ. ‘ನನ್ನ ಅಂದಾಜು ತಪ್ಪು’ ಎನ್ನುವ ಅವಕಾಶವೇ ಇಲ್ಲಿ ಸಿಗುವುದು ಕಡಿಮೆ. ‘ಸ್ವಲ್ಪದರಲ್ಲಿ ತಪ್ಪಿತು’ ಎನ್ನುವುದಕ್ಕೆ ಮಾತ್ರ ದಿನಾ ಅವಕಾಶ. ಸ್ವಲ್ಪದರಲ್ಲಿ ತಪ್ಪಿದವನು ಯಾಕೆ ಬಿಡುತ್ತಾನೆ? ಮನೋವೈದ್ಯರ ಡಿಎಸ್‌ಎಂ-5 ಕೈಪಿಡಿ 2013ರಲ್ಲಿ ಜೂಜಿನ ಗೀಳನ್ನು ಮದ್ಯ, ಮಾದಕ ವ್ಯಸನಗಳ ಸಾಲಿಗೆ ಸೇರಿಸಿತು. ಕಳೆದದ್ದನ್ನು ಹಿಂದೆ ಪಡೆಯಲು ಮತ್ತೆ ಆಡುವುದು ಅದರ ಲಕ್ಷಣಗಳಲ್ಲೊಂದು. ಈ ಸ್ಪ್ರೆಡ್ ಕಂಡುಹಿಡಿದವನೆಂದು ಹೇಳುವ ಚಾರ್ಲ್ಸ್ ಮೆಕ್ನೀಲ್, 1940ರ ದಶಕದ ಷಿಕಾಗೋದವನು, ಹಿಂದೆ ಗಣಿತದ ಮೇಷ್ಟ್ರಾಗಿದ್ದನಂತೆ. ತಿಪಟೂರಿಗೆ ಈ ವಿಷಯ ನಾನು ಹೇಳಲಿಲ್ಲ.

ನಮ್ಮಲ್ಲಿ ಕ್ರಿಕೆಟಿನ ಗೆಲುವಿನಲ್ಲಿ ಒಮ್ಮೆ ರನ್, ಒಮ್ಮೆ ವಿಕೆಟ್ ಇರುವುದರಿಂದ ಸ್ಪ್ರೆಡ್ ಕೂರುವುದಿಲ್ಲ. ಬುಕ್ಕಿಗಳು ‘ಸೆಷನ್’ ಎನ್ನುವ ಆರು ಓವರಿಗೆ ಇಷ್ಟು ರನ್, ಹೌದೋ ಅಲ್ಲವೋ ಎಂಬ ಪಣ ಅದರ ದಾಯಾದಿ. ‘ಒಂದು ರನ್ನಲ್ಲಿ ಹೋಯ್ತು’ ಎನ್ನುವ ಹುಡುಗರನ್ನು ನಾನು ಇಲ್ಲೂ ನೋಡಿದ್ದೇನೆ.

ಈಗ ಸಲಹೆಗೆ ಬರುತ್ತೇನೆ. ಮೇಷ್ಟ್ರು ಅರ್ಧ ತೆಂಗಿನ ತೋಟಕ್ಕೆ ಗಿರಾಕಿ ನೋಡಿಟ್ಟಿದ್ದರು. ಸಾಲ ಒಂದೇ ಏಟಿಗೆ ಚುಕ್ತಾ ಮಾಡಿ ಮಗನನ್ನು ಉಳಿಸಿಕೊಳ್ಳುವ ಯೋಚನೆ. ನಾನು ಬೇಡ ಎಂದೆ. ತೋಟ ಮಾರಬೇಡಿ, ಒಂದು ಡಾಲರೂ ಕಳಿಸಬೇಡಿ.

“ಮಗ ಮುಳುಗ್ತಿದ್ರೆ ದಡದಲ್ಲಿ ಕೂತ್ಕೊಂಡು ನೋಡು ಅಂತೀರಲ್ಲಮ್ಮ. ನಿಮಗೂ ಮಕ್ಕಳಿದಾರಾ?” ಎಂದು ಫೋನ್ ಇಟ್ಟರು.

ಎರಡು ವರ್ಷದ ಹಿಂದೆ ಇಂಥದೇ ಮನೆಯವರು ಸೈಟು ಮಾರಿ ಸಾಲ ತೀರಿಸಿದಾಗ ನಾನು ಸುಮ್ಮನಿದ್ದೆ. ಹಿರಿಯರ ದುಡ್ಡು, ನಾನ್ಯಾರು ಹೇಳಲು ಎಂದುಕೊಂಡೆ. ಎಂಟು ತಿಂಗಳಲ್ಲಿ ಮೊದಲಿನದಕ್ಕಿಂತ ದೊಡ್ಡ ಸಾಲ ಎದ್ದಿತ್ತು. ಗೀಳು ಇದ್ದವನ ಸಾಲವನ್ನು ಬೇರೆಯವರು ತೀರಿಸಿದಾಗ ಅವನ ಒಳಮನಸ್ಸಿಗೆ ಅದು ಕೊನೆಗೂ ಗೆದ್ದ ಒಂದು ದೊಡ್ಡ ಪಣದ ಹಾಗೆಯೇ ಕಾಣುತ್ತದೆ. ಕಾರ್ಡುಗಳು ಖಾಲಿಯಾಗುತ್ತವೆ, ಅಂದರೆ ಮತ್ತೆ ಉಪಯೋಗಕ್ಕೆ ಸಿಗುತ್ತವೆ.

ಸಹೋದ್ಯೋಗಿಗಳ ಆಕ್ಷೇಪ ಬೇರೆ ಇತ್ತು. ಸಾಲದ ಭಾರದಲ್ಲಿ ಜೀವಕ್ಕೆ ಅಪಾಯ ಮಾಡಿಕೊಂಡರೆ? ಸರಿಯಾದ ಪ್ರಶ್ನೆ. ಪ್ರತಿ ಭೇಟಿಯಲ್ಲೂ ನಾನು ಅದನ್ನು ಸುತ್ತಿಬಳಸದೆ ನೇರವಾಗಿ ಕೇಳಿದ್ದೇನೆ, ಅಲ್ಲಿಯ ಸಲಹೆಗಾರರೂ ಕೇಳಿದ್ದಾರೆ, ಹೆಂಡತಿಗೂ ಏನು ಗಮನಿಸಬೇಕೆಂದು ಹೇಳಿದ್ದೆ. ಅಂಥ ಸೂಚನೆ ಒಂದಾದರೂ ಕಂಡಿದ್ದರೆ ಸಾಲದ ಮಾತೆಲ್ಲ ಬದಿಗೆ. (ಇಲ್ಲಿ ಓದುತ್ತಿರುವವರಿಗೆ ಅಂಥ ಯೋಚನೆ ಬರುತ್ತಿದ್ದರೆ ಟೆಲಿ-ಮಾನಸ್, 14416. ಕನ್ನಡದಲ್ಲೇ ಮಾತಾಡಬಹುದು.) ದುಡ್ಡು ಕೊಡಬೇಡಿ ಎಂದೆನೇ ಹೊರತು ದಿನಾ ಫೋನ್ ಮಾಡಬೇಡಿ, ಹೋಗಿ ಜೊತೆಗಿರಬೇಡಿ ಎನ್ನಲಿಲ್ಲ. ಮೇಷ್ಟ್ರ ಕೋಪದಲ್ಲಿ ಈ ಅರ್ಧ ಅವರ ಕಿವಿಗೆ ಬೀಳಲೇ ಇಲ್ಲ.

ಉಳಿದದ್ದು ಸಲೀಸು. ಒಂದೊಂದೇ ಆಪು ಅಳಿಸುವುದರಿಂದ ಉಪಯೋಗವಿಲ್ಲ, ಹತ್ತು ನಿಮಿಷದಲ್ಲಿ ಮತ್ತೆ ಹಾಕಿಕೊಳ್ಳಬಹುದು. ನ್ಯೂಜೆರ್ಸಿ ಸರ್ಕಾರದ ಸ್ವಯಂ ಹೊರಗುಳಿಕೆ ಪಟ್ಟಿಗೆ ಹೆಸರು ಬರೆಸಿದರೆ ಅಲ್ಲಿ ಪರವಾನಗಿ ಇರುವ ಎಲ್ಲ ಆನ್‌ಲೈನ್ ಅಂಗಡಿಗಳೂ ಕನಿಷ್ಠ ಒಂದು ವರ್ಷ ಬಾಗಿಲು ಹಾಕುತ್ತವೆ, ನಡುವೆ ಮನಸ್ಸು ಬದಲಾದರೂ ತೆಗೆಯುವುದಿಲ್ಲ. ಬರೆಸಿದ. ಸಂಬಳ ಹೆಂಡತಿಯ ಖಾತೆಗೆ. ಸಾಲ ಅವನ ಸಂಬಳದಿಂದಲೇ, ಕಂತಿನಲ್ಲಿ. ಒಂದು ಸೀಸನ್ ಆಟ ನೋಡುವುದೇ ಬೇಡ. ಇದಕ್ಕೆ ಅವನು ಎಲ್ಲಕ್ಕಿಂತ ಹೆಚ್ಚು ಚೌಕಾಸಿ ಮಾಡಿದ.

ಫೆಬ್ರುವರಿಯಲ್ಲಿ, ಸೂಪರ್ ಬೌಲಿನ ದಿನ, ಗೆಳೆಯನ ಫೋನಿನಿಂದ ಇನ್ನೂರು ಡಾಲರ್ ಕಟ್ಟಿದ. ಮರುದಿನ ತಾನೇ ಹೆಂಡತಿಗೆ ಹೇಳಿದ. “ಮೊದಲಾಗಿದ್ರೆ ಇವರು ಬಾಯಿ ಬಿಡ್ತಾನೇ ಇರಲಿಲ್ಲ ಮೇಡಂ” ಎಂದಳು ಆಕೆ. ದನಿಯಲ್ಲಿ ಸಮಾಧಾನವೂ ಇತ್ತು, ದಣಿವೂ ಇತ್ತು. ಸಾಲ ಇನ್ನೂ ಐವತ್ತು ಸಾವಿರದ ಮೇಲಿದೆ.

ಹೋದ ತಿಂಗಳು ಮೇಷ್ಟ್ರು ಫೋನ್ ಮಾಡಿದರು. ಕುಶಲ ಕೇಳಲಿಲ್ಲ. ತೋಟ ಮಾರಲಿಲ್ಲ ಎಂದಷ್ಟೇ ಹೇಳಿ ನೇರ ವಿಷಯಕ್ಕೆ ಬಂದರು.

“ಸೊಸೆ ಆ ಆಟದ ಲೆಕ್ಕ ಹೇಳಿದ್ಲು. ಕಾಗದದ ಮೇಲೆ ಮಾಡಿ ನೋಡಿದೆ. ನೂರಹತ್ತನ್ನ ಇನ್ನೂರಹತ್ತರಿಂದ ಭಾಗಿಸಿದ್ರೆ ಶೇಕಡ 52.38. ಅಷ್ಟು ಸಲ ಗೆದ್ರೆ ಬರೀ ಅಸಲು. ಏಳನೇ ಕ್ಲಾಸಿನ ಲೆಕ್ಕ ಇದು. ಇವನಿಗೆ ಗೊತ್ತಿರಲಿಲ್ವಾ ಮೇಡಂ?”

“ಗೊತ್ತಿತ್ತು ಮೇಷ್ಟ್ರೇ” ಎಂದೆ.

ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ. ಹಿತ್ತಲಲ್ಲಿ ಯಾರೋ ತೆಂಗಿನಕಾಯಿ ಸುಲಿಯುತ್ತಿದ್ದ ಸದ್ದು ಮಾತ್ರ ಕೇಳುತ್ತಿತ್ತು.